ದೊಡ್ಡ ಕಾರ್ಬೊರೇಟರ್ ಹಾಕಿದರೆ ಪಿಕಪ್ ಯಾಕೆ ಸಾಯುತ್ತದೆ?

ಪ್ರಶ್ನೆ: ಸರ್, ನಮಸ್ಕಾರ. ಹಳೆಯ ಕಾರ್ಬೊರೇಟರ್ ಜಿಪ್ಸಿಯ 1298 ಸಿಸಿ ಎಂಜಿನ್ ಬಿಚ್ಚಿ ಆಟೊಕ್ರಾಸ್‌ಗೆ ಅಂತ ಹೊಸದಾಗಿ ಕಟ್ಟುತ್ತಿದ್ದೇನೆ. ಬೋರ್ (ಸಿಲಿಂಡರಿನ ಅಗಲ) 74ರಿಂದ 75 ಮಿ.ಮೀ. ಆಗಿದೆ, ಹೆಡ್ ಪೋರ್ಟಿಂಗ್ (ಗಾಳಿದಾರಿ ತಿದ್ದುವ ಕೆಲಸ) ಮುಗಿದಿದೆ, ಕ್ಯಾಮ್ ಕೂಡ ಬದಲಿಸಿದ್ದೇನೆ. 6500 ಆರ್‌ಪಿಎಂ ದಾಟಿಸುವುದಿಲ್ಲ. ಗೆಳೆಯರೊಬ್ಬರು 350 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬಿಡುವ) ಹೋಲಿ ಕಾರ್ಬೊರೇಟರ್ ಕೊಡ್ತೀನಿ ಅಂತಾರೆ. ಉದ್ಯಮಬಾಗದ ನಮ್ಮ ಮೆಕ್ಯಾನಿಕ್ ಬೇಡವೇ ಬೇಡ ಅಂತಾರೆ. ಯಾರ ಮಾತು ಕೇಳಲಿ?
— ಓದುಗರು, ಬೆಳಗಾವಿ

ಉತ್ತರ: ಮೆಕ್ಯಾನಿಕ್ ಮಾತು ಕೇಳಿ.

ಮನೆಯಲ್ಲಿ ಅಜ್ಜಿ ಒಲೆ ಊದುವಾಗ ಊದುಗೊಳವೆ ಹಿಡೀತಿದ್ದರಲ್ವಾ? ಕೊಳವೆ ಸಣ್ಣದಿದ್ದಷ್ಟೂ ಗಾಳಿ ಜೋರು, ಬೆಂಕಿ ಭಗ್ಗನೆ ಏಳುತ್ತದೆ. ಅದೇ ಉಸಿರನ್ನು ದಪ್ಪ ಪೈಪಿನಲ್ಲಿ ಊದಿದರೆ ಬೂದಿಯೂ ಅಲ್ಲಾಡೋದಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಕೂಡ ಹೀಗೆಯೇ. ವೆಂಚುರಿಯಲ್ಲಿ, ಅಂದರೆ ಅದರೊಳಗಿನ ಕಿರಿದಾದ ಕೊರಳಿನಲ್ಲಿ, ಗಾಳಿ ವೇಗವಾಗಿ ಓಡಿದರೇನೇ ಅಲ್ಲಿ ಒತ್ತಡ ಇಳಿದು ಪೆಟ್ರೋಲ್ ಮೇಲೆ ಬಂದು ಮಂಜಿನ ಹಾಗೆ ಒಡೆಯೋದು. ಬಾಯಿ ದೊಡ್ಡದಾದರೆ ಗಾಳಿ ನಿಧಾನ, ಪೆಟ್ರೋಲ್ ಹನಿಹನಿಯಾಗಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಗೋಡೆಗೆ ಅಂಟಿಕೊಳ್ಳುತ್ತದೆ, ನೀವು ತಿರುವಿನಿಂದ ಹೊರಗೆ ಬಂದು ಎಕ್ಸಲರೇಟರ್ ಒತ್ತಿದ ಕೂಡಲೇ ಗಾಡಿ ಒಂದು ಸಲ ಮುಗ್ಗರಿಸಿ ಆಮೇಲೆ ಓಡುತ್ತದೆ.

ಲೆಕ್ಕ ಸುಲಭ. ಬೋರ್ ಹೆಚ್ಚಿದ ಮೇಲೆ ನಿಮ್ಮದು ಸುಮಾರು 1334 ಸಿಸಿ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಉಸಿರು ಎಳೆಯುತ್ತದೆ, ಹಾಗಾಗಿ 6500ರ ಅರ್ಧ 3250 ಹಿಡಿಯಿರಿ. 1.334 ಲೀಟರ್‌ಗೆ ಗುಣಿಸಿದರೆ ನಿಮಿಷಕ್ಕೆ 4335 ಲೀಟರ್ ಗಾಳಿ. ಒಂದು ಘನ ಅಡಿಗೆ 28.3 ಲೀಟರ್, ಭಾಗಿಸಿದರೆ 153 ಸಿಎಫ್‌ಎಂ. ಸಿಲಿಂಡರ್ ಸಾಮಾನ್ಯವಾಗಿ ಪೂರ್ತಿ ತುಂಬೋದಿಲ್ಲ, ಒಳ್ಳೆ ಪೋರ್ಟಿಂಗ್ ಅಂತ 90 ಪರ್ಸೆಂಟ್ ಹಿಡಿದರೂ 138 ಆಯಿತು. ಅಷ್ಟೇ ಬೇಕಾದದ್ದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎರಡು ಬಾಯಿಯ ಕಾರ್ಬೊರೇಟರನ್ನು 3 ಇಂಚು ಪಾದರಸದ ಒತ್ತಡದಲ್ಲಿ ಅಳೆಯುತ್ತಾರೆ, ನಾಲ್ಕು ಬಾಯಿಯದನ್ನು 1.5 ಇಂಚಿನಲ್ಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಕಾದರೆ ಎರಡು ಬಾಯಿಯ ಅಂಕಿಯನ್ನು 1.41ರಿಂದ ಭಾಗಿಸಬೇಕು. ಗೆಳೆಯರದ್ದು ಎರಡು ಬಾಯಿಯದು, ಅದರ 350 ಆಗ 248ಕ್ಕೆ ಇಳಿಯುತ್ತದೆ. ಆದರೂ ನಿಮಗೆ ಅದು ಜಾಸ್ತಿಯೇ, ಮೇಲಾಗಿ ಅದರ ಎರಡೂ ಬಾಯಿ ಒಟ್ಟಿಗೇ ತೆರೆಯುತ್ತವೆ.

ನಾನಾದರೆ ವೆಬರ್ 32/36 ಕಾರ್ಬೊರೇಟರ್ ಹಾಕುತ್ತೇನೆ. ಅದೂ ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದೇ, ಆದರೆ ಮೊದಲು 32ರ ಬಾಯಿ ಒಂದೇ ತೆರೆಯುತ್ತದೆ, ಪೆಡಲ್ ಇನ್ನೂ ಒತ್ತಿದ ಮೇಲೆ 36ರದ್ದು. ತಿರುವಿನಲ್ಲಿ ಗಾಳಿಯ ವೇಗ ಸಾಯೋದಿಲ್ಲ.

ಬೇರೆ ಕಾರ್ಬೊರೇಟರ್ ಕೂರಿಸಲು ಅಡಾಪ್ಟರ್ ಪ್ಲೇಟ್ ಮಾಡಿಸುವಾಗ ಹುಷಾರು. ನಾನು ಒಮ್ಮೆ ವಾರವಿಡೀ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು) ಬದಲಿಸಿ ಸುಸ್ತಾಗಿದ್ದೆ. ಕೊನೆಗೆ ಕಾರ್ಬೊರೇಟರ್ ಬಿಚ್ಚಿ ಒಳಗೆ ಬೆರಳು ಆಡಿಸಿದರೆ ಗ್ಯಾಸ್ಕೆಟ್ ಎರಡು ಮಿ.ಮೀ. ಒಳಗೆ ಚಾಚಿಕೊಂಡಿತ್ತು, ಅದರ ಅಂಚು ಪೆಟ್ರೋಲಿನಲ್ಲಿ ನೆಂದು ಮೆತ್ತಗಾಗಿತ್ತು. ಬ್ಲೇಡಿನಿಂದ ಕತ್ತರಿಸಿದೆ, ಮಿಸ್ಸಿಂಗ್ ಹೋಯಿತು.

ಹಾಕಿದ ಮೇಲೆ ವ್ಯಾಕ್ಯೂಮ್ ಗೇಜ್ ಕಟ್ಟಿ ನೋಡಿ. ಫುಲ್ ಥ್ರಾಟಲ್‌ನಲ್ಲಿ 6500 ಹತ್ತಿರ ಮುಳ್ಳು 1.5 ಇಂಚಿಗಿಂತ ಬಹಳ ಮೇಲಿದ್ದರೆ ಕಾರ್ಬೊರೇಟರ್ ಸಣ್ಣದು. ಮತ್ತೆ, ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಇಲ್ಲಿ ಜೆಟ್ ಸರಿಮಾಡಿಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದರೆ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಸಾಲದು. ಅಲ್ಲಿ ಸ್ಪರ್ಧೆ ಇದ್ದರೆ ಪ್ಲಗ್ ಬಿಚ್ಚಿ ನೋಡದೆ ಎಳೆಯಬೇಡಿ. ತಿಳಿಕಂದು ಇದ್ದರೆ ಸರಿ, ಬಿಳಿಚಿಕೊಂಡಿದ್ದರೆ ದೊಡ್ಡ ತೂತಿನ ಜೆಟ್ ಹಾಕಿ, ಇಲ್ಲದಿದ್ದರೆ ಪಿಸ್ಟನ್ ತೂತಾಗುತ್ತದೆ.

ಪ್ರಶ್ನೆ: 1300 ಸಿಸಿ ಎಂಜಿನ್‌ಗೆ ಜೋಡಿ ವೆಬರ್ 45 ಡಿಸಿಒಇ ಕಾರ್ಬೊರೇಟರ್ ಸಿಕ್ಕಿವೆ. ತೀರಾ ದೊಡ್ಡದಾಯಿತಾ?
— ಓದುಗರು, ವಿಜಯಪುರ

ಉತ್ತರ: 45 ಅನ್ನೋದು ಥ್ರಾಟಲ್ ಬಾಯಿಯ ಅಳತೆ. ಲೆಕ್ಕಕ್ಕೆ ಬರೋದು ಒಳಗೆ ಕೂರುವ ಚೋಕ್, ಅಂದರೆ ವೆಂಚುರಿ. ಬೆಳಿಗ್ಗೆ ಸ್ಟಾರ್ಟ್ ಮಾಡಲು ಎಳೆಯುವ ಚೋಕ್ ಅಲ್ಲ. ಇಲ್ಲಿ ಸಿಲಿಂಡರಿಗೆ ಒಂದೊಂದು ಬಾಯಿ, ಹಾಗಾಗಿ ಮೇಲಿನ ಸಿಎಫ್‌ಎಂ ಲೆಕ್ಕ ನಡೆಯೋದಿಲ್ಲ. ನಿಮಗೆ 30 ಮಿ.ಮೀ. ಚೋಕ್ ಸಾಕು, ಅದಕ್ಕೆ 40 ಡಿಸಿಒಇ ಸರಿಹೊಂದುತ್ತದೆ, ಸಾಧ್ಯವಾದರೆ ಬದಲಿಸಿಕೊಳ್ಳಿ. ಶುರುವಿಗೆ ಚೋಕಿನ ನಾಲ್ಕು ಪಟ್ಟು, ಅಂದರೆ 120ರ ಮೇನ್ ಜೆಟ್ (ಪೆಟ್ರೋಲಿನದು), ಅದಕ್ಕೆ 50 ಸೇರಿಸಿ 170ರ ಏರ್ ಜೆಟ್ (ಗಾಳಿಯದು) ಹಾಕಿ ಓಡಿಸಿ ನೋಡಿ.