ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?

700 ರೂಪಾಯಿ ಕೊಟ್ಟು ಕೂದಲು ಕತ್ತರಿಸಿಕೊಂಡು ಬಂದ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬಂದದ್ದು ನಿದ್ದೆಯ ತೊಂದರೆ ಅಂತಲೇ. ಕೂದಲಿನ ಮಾತು ಹೊರಗೆ ಬಂದದ್ದು ಅರ್ಧ ಗಂಟೆ ಕಳೆದ ಮೇಲೆ. ಅದೂ "ಇದೆಲ್ಲ ಹೇಳ್ಕೊಳ್ಳೋ ವಿಷಯನೇ ಅಲ್ಲ ಬಿಡಿ" ಎನ್ನುತ್ತಲೇ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತೇನೆ.

ಮೇಡಂಗೆ 62 ವರ್ಷ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು 60ಕ್ಕೆ ನಿವೃತ್ತರಾದವರು. ಸ್ವಂತ ಪೆನ್ಷನ್ ಇದೆ. ಯಜಮಾನರಿಗೆ ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಒಂದು ಕಾಲಕ್ಕೆ ಸೊಂಟದವರೆಗೆ ಬರುತ್ತಿದ್ದ ಜಡೆ ಈಗ ಕಿರುಬೆರಳಿನಷ್ಟು ದಪ್ಪ ಉಳಿದಿತ್ತು. ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿತ್ತು. ಮದುವೆ, ಮುಂಜಿಗೆ ಹೋಗುವಾಗ ಚೌರಿ ಸೇರಿಸಿ ಹೆಣೆದುಕೊಳ್ಳುತ್ತಿದ್ದರು. ಅದರ ಭಾರಕ್ಕೆ ಸಂಜೆಯಾಗುವಷ್ಟರಲ್ಲಿ ತಲೆನೋವು. ಆಮೇಲಾಮೇಲೆ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದರು.

ಮೊದಲು ಮನೆ ಪಕ್ಕದ ಪಾರ್ಲರಿನಲ್ಲಿ 150 ರೂಪಾಯಿಗೆ ಕಟ್ ಮಾಡಿಸಿದ್ದರು. ಬಾಚಿ, ತುದಿಯನ್ನು ನೇರಕ್ಕೆ ಕತ್ತರಿಸಿ ಕಳಿಸಿದರು, ಐದು ನಿಮಿಷದ ಕೆಲಸ. ತೆಳು ಕೂದಲು ಇನ್ನೂ ತೆಳುವಾಗಿ ಕಂಡಿತು. ಮಗಳು ಬಲವಂತ ಮಾಡಿ ಇನ್ನೊಂದು ಕಡೆ ಕರೆದುಕೊಂಡು ಹೋದಳು.

ಅಲ್ಲಿಯ ಹುಡುಗಿ ಕತ್ತರಿ ಹಿಡಿಯುವ ಮೊದಲು ಕೂದಲನ್ನು ಪೂರ್ತಿ ಬಿಚ್ಚಿ ನೋಡಿದಳಂತೆ. ಸುಳಿ ಯಾವ ಕಡೆ ಇದೆ, ನೆತ್ತಿ ಎಲ್ಲಿ ಕಾಣುತ್ತೆ, ಕನ್ನಡಕದ ಕಡ್ಡಿ ಎಲ್ಲಿ ಬರುತ್ತೆ ಎಲ್ಲ ನೋಡಿ, "ಆಂಟಿ, ಅಡುಗೆ ಮಾಡುವಾಗ ಹೇಗೆ ಕಟ್ಕೋತೀರಾ? ಹೂ ಮುಡೀತೀರಾ?" ಎಂದು ಕೇಳಿದಳಂತೆ. ಭುಜದ ಮಟ್ಟಕ್ಕೆ ಕತ್ತರಿಸಿ, ಮೇಲಿನ ಕೂದಲಿಗೆ ಲೇಯರ್ ಕೊಟ್ಟು, ಬೈತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಹಿಂದೆ ಕ್ಲಿಪ್ ಹಾಕಿದರೆ ಒಂದು ತುಂಡು ಮಲ್ಲಿಗೆ ನಿಲ್ಲುವಷ್ಟು ಉದ್ದ ಬಿಟ್ಟಿದ್ದಳು. ಇದನ್ನು ಹೇಳುವಾಗ ಮೇಡಂ ಮುಖ ಅರಳಿತು. "ಕನ್ನಡಿ ನೋಡ್ಕೊಂಡು ತುಂಬಾ ದಿನ ಆಗಿತ್ತು" ಎಂದರು.

ಮನೆಗೆ ಬಂದರೆ ಅಕ್ಕ ಕೂತಿದ್ದರು. "ಮುತ್ತೈದೆ ಹೆಂಗಸು ಹೀಗಾ ಕತ್ತರಿಸ್ಕೊಂಡು ಬರೋದು? ಅದೂ ಅಷ್ಟು ದುಡ್ಡು ಕೊಟ್ಟು? ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?" ಯಜಮಾನರು ಕೇಳಿದ್ದು "ಎಷ್ಟಾಯ್ತು?" ಎಂದಷ್ಟೇ. ಅದೂ ಚುಚ್ಚಿತ್ತು.

ಅವರು ಮೊದಲು ದುಡ್ಡಿನ ಮಾತನ್ನೇ ಹಿಡಿದುಕೊಂಡಿದ್ದರು. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡಿದೆ. ಹೇಗೂ ಲೆಕ್ಕದ ಟೀಚರ್, ಒಂದು ವರ್ಷ ಕೂದಲಿಗೆ ಖರ್ಚು ಮಾಡಿದ್ದನ್ನೆಲ್ಲ ಬರೆದುಕೊಂಡು ಬನ್ನಿ ಎಂದೆ. ಟಿವಿ ಜಾಹೀರಾತಿನ ಎಣ್ಣೆ, ಉದುರುವುದು ನಿಲ್ಲುತ್ತೆ ಅಂತ ತಂದ ಶಾಂಪೂ, ಯಾರೋ ಹೇಳಿದ ಮಾತ್ರೆ, ಚೌರಿ, ಡೈ. ಎಲ್ಲ ಸೇರಿ 5,000 ದಾಟಿತ್ತು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಒಳ್ಳೆಯ ಕೈ ಕತ್ತರಿಸಿದ ಆಕಾರ ಮೂರು ತಿಂಗಳು ನಿಲ್ಲುತ್ತೆ ಎಂದುಕೊಂಡರೂ ವರ್ಷಕ್ಕೆ ನಾಲ್ಕು ಸಲ, 2,800 ರೂಪಾಯಿ. ಯಜಮಾನರ ಕಟಿಂಗು, ಶೇವಿಂಗಿನ ಖರ್ಚನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಎಂಬುದೂ ಅವರಿಗೇ ಹೊಳೆಯಿತು. ಅದು ಮನೆಖರ್ಚು, ಇದು ಶೋಕಿ!

ಒಂದು ಮಾತನ್ನು ನೇರವಾಗಿ ಹೇಳಿದೆ. ಕಟ್ ಮಾಡಿಸಿದರೆ ಉದುರುವುದು ನಿಲ್ಲಲ್ಲ, ಬೇರು ಗಟ್ಟಿಯಾಗಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಎಳೆ ಸಣ್ಣದಾಗುತ್ತೆ. ದೊಡ್ಡ ಆತಂಕ, ಜ್ವರ, ಆಪರೇಷನ್ ಆದ ಎರಡು ಮೂರು ತಿಂಗಳಿಗೆ ಜಾಸ್ತಿ ಉದುರುವುದೂ ಉಂಟು. ಥೈರಾಯ್ಡ್, ರಕ್ತಹೀನತೆಯಿಂದಲೂ ಹೀಗಾಗಬಹುದು. ಆದ್ದರಿಂದ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ, ಯಾರೋ ಹೇಳಿದ ಮಾತ್ರೆ ನಿಲ್ಲಿಸಿ ಎಂದೆ. ಆದರೆ ಇದ್ದಷ್ಟು ಕೂದಲು ಹೇಗೆ ಕಾಣುತ್ತೆ ಎಂಬುದು ಕತ್ತರಿಸುವವರ ಕೈಯಲ್ಲಿದೆ. ಇಪ್ಪತ್ತರ ವಯಸ್ಸಿನ ದಟ್ಟ ಕೂದಲಲ್ಲಿ ಕತ್ತರಿಯ ತಪ್ಪು ಮುಚ್ಚಿಹೋಗುತ್ತೆ. ಅರವತ್ತರ ತೆಳು ಕೂದಲಲ್ಲಿ ಪ್ರತಿಯೊಂದೂ ಕಾಣುತ್ತೆ. ಪಳಗಿದ ಕೈ ಹೆಚ್ಚು ಬೇಕಾಗುವುದೇ ಈಗ. ಅದಕ್ಕೆ ದುಡ್ಡು ಕೊಡುವುದು ದಂಡ ಅಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಲೆಕ್ಕ ಒಪ್ಪಿಗೆಯಾಯಿತು. ನಿದ್ದೆ ಮಾತ್ರ ಬರಲಿಲ್ಲ.

ಎರಡನೇ ಸಲ ಬಂದಾಗ ಅಕ್ಕನ ಮಾತಿನಲ್ಲಿ ಯಾವುದು ಹೆಚ್ಚು ನೋಯಿಸಿತು ಎಂದು ಕೇಳಿದೆ. "ಮುತ್ತೈದೆ ಅಂದಿದ್ದು" ಎಂದರು. ಆಮೇಲೆ ಅವರ ಅಜ್ಜಿಯ ಕಥೆ ಬಂತು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ. ಮಕ್ಕಳೆಲ್ಲ ಒಳಗೆ ಹೋಗಬೇಕು. ಅಜ್ಜಿ ಸೆರಗನ್ನು ಹಣೆವರೆಗೆ ಎಳೆದುಕೊಂಡು ಒಳಗೆ ಬಂದು, ಯಾರ ಹತ್ತಿರವೂ ಮಾತಾಡದೆ ಸ್ನಾನಕ್ಕೆ ಹೋಗುತ್ತಿದ್ದರು. ಇದನ್ನು ಬಾಗಿಲ ಸಂದಿಯಿಂದ ನೋಡಿದ ಹುಡುಗಿಗೆ ಕೂದಲು ಕತ್ತರಿಸುವುದು ಅಂದರೆ ಏನೆಂದು ಮನಸ್ಸಲ್ಲಿ ಕೂತಿರಬಹುದು? ಗಂಡನಿಗೆ ಸ್ಟೆಂಟ್ ಹಾಕಿದ ಮರುವರ್ಷವೇ ತಾನು ಕೂದಲು ಕತ್ತರಿಸಿಕೊಂಡೆ, ಇವರಿಗೇನಾದರೂ ಆದರೆ ಎಂಬ ಭಯ ರಾತ್ರಿ ಕಾಡುತ್ತಿತ್ತು. ಹಗಲು ಅದನ್ನೇ 700 ರೂಪಾಯಿಯ ಚಿಂತೆ ಎಂದುಕೊಂಡಿದ್ದರು.

ಇಂಥ ಭಯವನ್ನು "ಮೂಢನಂಬಿಕೆ, ಬಿಡಿ" ಎಂದು ತಳ್ಳಿಹಾಕಿದರೆ ಅದು ಹೋಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುತ್ತೆ ಅಷ್ಟೇ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿಯನ್ನು ಯಾರಾದರೂ ಕೇಳಿದ್ದರಾ?" ಇಲ್ಲ. "ನಿಮ್ಮನ್ನು ಆ ಹುಡುಗಿ ಕೇಳಿದಳು, ಹೂ ಮುಡೀತೀರಾ ಅಂತ. ಎರಡೂ ಒಂದೇನಾ ಮೇಡಂ?" ಅವರು ತುಂಬಾ ಹೊತ್ತು ಅತ್ತರು. ಅಜ್ಜಿಗಾಗಿ ಅವರು ಎಂದೂ ಅತ್ತಿರಲಿಲ್ಲವಂತೆ.

ಅಕ್ಕನಿಗೆ ಏನು ಹೇಳಬೇಕು ಎಂಬುದನ್ನು ಇಬ್ಬರೂ ಕೂತು ತಯಾರಿ ಮಾಡಿದೆವು. ವಾದ ಬೇಡ, ಕಾರಣಗಳ ಪಟ್ಟಿ ಬೇಡ. "ಅಕ್ಕ, ನನ್ನ ಪೆನ್ಷನ್‌ನಲ್ಲಿ ಮಾಡಿಸಿದ್ದು. ನನಗೆ ಇಷ್ಟ ಆಯ್ತು" ಎಂದು ಹೇಳಿ ಬೇರೆ ಮಾತಿಗೆ ಹೋಗುವುದು. ಯಜಮಾನರ ಹತ್ತಿರ ಭಯದ ವಿಷಯ ಹೇಳಿಕೊಳ್ಳಿ, ದುಡ್ಡಿನದ್ದಲ್ಲ ಎಂದೆ. ಹೇಳಿದ್ದಾರೆ. ಅವರು ನಕ್ಕು, "ನಿನ್ನ ಕೂದಲಿಂದ ಅಲ್ಲ ಮಾರಾಯ್ತಿ, ನನ್ನ ಸಿಗರೇಟಿಂದ" ಎಂದರಂತೆ. ನನ್ನ ಯಾವ ಸಲಹೆಗಿಂತಲೂ ಆ ಮಾತು ಹೆಚ್ಚು ಕೆಲಸ ಮಾಡಿತು.

ಮೂರನೇ ಸಲ ಬಂದಾಗ ಒಂದು ಗೃಹಪ್ರವೇಶಕ್ಕೆ ಹೋಗಿ ಬಂದಿದ್ದರು, ಚೌರಿ ಇಲ್ಲದೆ. ಅಕ್ಕ ಅಲ್ಲೂ ಅಂದಿದ್ದಾರೆ. ಇವರು ತಯಾರಿ ಮಾಡಿದ ಮಾತನ್ನೇ ಹೇಳಿ ಊಟದ ಪಂಕ್ತಿಗೆ ನಡೆದಿದ್ದಾರೆ. ಮೂರು ತಿಂಗಳಿಗೊಮ್ಮೆ ಅದೇ ಹುಡುಗಿಯ ಹತ್ತಿರ ಹೋಗುವುದೆಂದು ತೀರ್ಮಾನಿಸಿದ್ದಾರೆ. ಮಂಗಳವಾರ, ಶುಕ್ರವಾರ ಮಾತ್ರ ಬೇಡ ಎಂದರು. ಆಗಲಿ ಎಂದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ನಿದ್ದೆ ಬಹುಪಾಲು ಸರಿಹೋಗಿದೆ. ಯಜಮಾನರ ಚೆಕಪ್ ಇರುವ ವಾರ ಮಾತ್ರ ಈಗಲೂ ಎಚ್ಚರವಾಗುತ್ತೆ. ಅದಕ್ಕೆಂದೇ ಇನ್ನೆರಡು ಸಲ ಬರಲು ಹೇಳಿದ್ದೇನೆ, ಈ ಸಲ ಇಬ್ಬರೂ ಒಟ್ಟಿಗೆ.