ನಾಲ್ಕು ಥ್ರೆಡ್, ಒಂದೇ ಕೋಡ್ ಕ್ಯಾಶ್

ಪ್ರಶ್ನೆ: ಆರ್ಮ್ ಪ್ರೊಸೆಸರಿನ ಪ್ರೋಗ್ರಾಮುಗಳನ್ನು ಬೇರೆ ಬಗೆಯ ಎಕ್ಸ್86 ಪ್ರೊಸೆಸರಿನ ಯಂತ್ರದಲ್ಲಿ ಅನುವಾದಿಸಿ ಓಡಿಸುವ ಎಮ್ಯುಲೇಟರ್ ಬರೆಯುತ್ತಿದ್ದೇನೆ. ಗೆಸ್ಟ್‌ನ, ಅಂದರೆ ಅನುಕರಿಸುವ ಆರ್ಮ್ ಯಂತ್ರದ, ನಾಲ್ಕು ಸಿಪಿಯುಗಳಿಗೆ ನಾಲ್ಕು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು). ಅನುವಾದಿಸಿದ ಕೋಡ್ ಕೂಡಿಡುವ ಕೋಡ್ ಕ್ಯಾಶ್‌ಗೆ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ತಡೆ) ಹಾಕಿದರೆ ಒಂದೇ ಥ್ರೆಡ್‌ಗಿಂತ ನಿಧಾನ, ತೆಗೆದರೆ ಕ್ಯಾಶ್ ತುಂಬಿದ ಹೊತ್ತಿಗೆ ಕ್ರ್ಯಾಶ್. ಏನು ಮಾಡಲಿ?
– ಓದುಗರು, ಹಿಂಜವಡಿ, ಪುಣೆ

ಉತ್ತರ: ಲಾಕ್ ಬೇಕಿರುವುದು ಬ್ಲಾಕ್ (ಒಟ್ಟಿಗೆ ಅನುವಾದಿಸಿದ ಕೋಡಿನ ತುಂಡು) ಸೇರಿಸುವಾಗ, ಹುಡುಕುವಾಗ ಅಲ್ಲ. ಪ್ರತಿ ಥ್ರೆಡ್‌ಗೂ ಅದರದೇ ಸಣ್ಣ ಜಂಪ್ ಕ್ಯಾಶ್ ಕೊಡಿ, ಇತ್ತೀಚೆಗೆ ಬಳಸಿದ ಬ್ಲಾಕುಗಳು ಎಲ್ಲಿವೆ ಎಂದು ನೆನಪಿಡಲು. ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಅದು 4096 ನಮೂದುಗಳದ್ದು. ಅಲ್ಲಿ ಸಿಗದಿದ್ದರೆ ಮಾತ್ರ ಎಲ್ಲರಿಗೂ ಸೇರಿದ ಹ್ಯಾಶ್ ಟೇಬಲ್ (ಬೇಗ ಹುಡುಕಬಲ್ಲ ಬ್ಲಾಕುಗಳ ಪಟ್ಟಿ). ಓದುವವರು ಲಾಕ್ ಹಿಡಿಯದಂತೆ ಅದನ್ನು ಕಟ್ಟಿ. ಕೋಡ್ ಬಫರನ್ನೂ ತುಂಡು ಮಾಡಿ ಥ್ರೆಡ್‌ಗೊಂದು ಹಂಚಿದರೆ ಬರೆಯುವಾಗಿನ ತಳ್ಳಾಟ ತಪ್ಪುತ್ತದೆ. ಒಂದೇ ಬ್ಲಾಕನ್ನು ಇಬ್ಬರು ಒಟ್ಟಿಗೆ ಅನುವಾದಿಸಿದರೆ ಚಿಂತೆಯಿಲ್ಲ: ಮೊದಲು ಟೇಬಲ್ ಸೇರಿದ್ದು ಉಳಿಯಲಿ, ಇನ್ನೊಂದನ್ನು ಎಸೆಯಿರಿ.

ನಿಮ್ಮ ಕ್ರ್ಯಾಶ್‌ಗೆ ಕಾರಣ ಬಹುಮಟ್ಟಿಗೆ ಇದು: ಒಂದು ಥ್ರೆಡ್ ಕ್ಯಾಶ್ ಖಾಲಿ ಮಾಡುವಾಗ ಇನ್ನೊಂದು ಇನ್ನೂ ಹಳೆಯ ಕೋಡಿನೊಳಗೇ ಇದೆ. ಪ್ರತಿ ಬ್ಲಾಕಿನ ತಲೆಯಲ್ಲಿ ಒಂದು ಫ್ಲ್ಯಾಗ್ ನೋಡುವ ಕೋಡ್ ಇಡಿ. ಖಾಲಿ ಮಾಡಬೇಕಾದಾಗ ಎಲ್ಲರ ಫ್ಲ್ಯಾಗ್ ಏರಿಸಿ, ಎಲ್ಲರೂ ಅನುವಾದಿತ ಕೋಡಿನಿಂದ ಹೊರಬಂದ ಮೇಲೆಯೇ ಬಫರ್ ಮುಟ್ಟಿ. ಜಂಪ್ ಕ್ಯಾಶ್‌ಗಳನ್ನೂ ಆಗಲೇ ಅಳಿಸಿ. ಮರೆತರೆ ಅದೇ ಕ್ರ್ಯಾಶ್ ಸ್ವಲ್ಪ ತಡವಾಗಿ ಬರುತ್ತದೆ. ಇಬ್ಬರು ಒಟ್ಟಿಗೆ ಕೋರಿದರೆ ಎರಡು ಸಲ ಖಾಲಿಯಾಗದಂತೆ ಒಂದು ಎಣಿಕೆ ಇಟ್ಟುಕೊಳ್ಳಿ.

ಬ್ಲಾಕಿಗೆ ಬ್ಲಾಕ್ ಜೋಡಿಸುವ ಜಂಪನ್ನೂ ನೋಡಿಕೊಳ್ಳಿ. ಅದರ 32 ಬಿಟ್ ಅಂತರ 4 ಬೈಟ್ ಗಡಿಯ ಮೇಲೆ ಕೂರಬೇಕು, ಬೇಕಾದರೆ ಮುಂಚೆ ನೋ-ಆಪ್ (ಏನೂ ಮಾಡದ ಸೂಚನೆ) ತುಂಬಿ. ಇಲ್ಲವಾದರೆ ಅರ್ಧ ಬದಲಾದ ವಿಳಾಸಕ್ಕೆ ಇನ್ನೊಂದು ಥ್ರೆಡ್ ಹಾರೀತು. ಇಂಥ ದೋಷ ಡಿಬಗರ್ ಹಾಕಿದೊಡನೆ ಮಾಯವಾಗುವುದೇ ಹೆಚ್ಚು.

ಕೊನೆಗೆ ಆರ್ಮ್‌ನ ಎಲ್‌ಡಿರೆಕ್ಸ್, ಸ್ಟ್ರೆಕ್ಸ್ ಜೋಡಿ: ಮೊದಲನೆಯದು ಮೆಮೊರಿಯಿಂದ ಓದುತ್ತದೆ, ನಡುವೆ ಬೇರೆ ಯಾರೂ ಅಲ್ಲಿ ಬರೆಯದಿದ್ದರೆ ಮಾತ್ರ ಎರಡನೆಯದು ಬರೆಯುತ್ತದೆ. ಎಕ್ಸ್86ನಲ್ಲಿ ಓದಿದ ಬೆಲೆ ನೆನಪಿಟ್ಟು ಕಂಪೇರ್-ಎಕ್ಸ್‌ಚೇಂಜ್ (ಬೆಲೆ ಹಾಗೇ ಇದ್ದರೆ ಮಾತ್ರ ಹೊಸದನ್ನು ಬರೆಯುವ ಸೂಚನೆ) ಮಾಡುವುದು ರೂಢಿ. ನಡುವೆ ಬೆಲೆ ಬದಲಾಗಿ ಮತ್ತೆ ಮೊದಲಿನಂತಾದರೆ, ಸೋಲಬೇಕಾದ ಸ್ಟ್ರೆಕ್ಸ್ ಗೆಲ್ಲುತ್ತದೆ. ಸಾಮಾನ್ಯ ಸ್ಪಿನ್‌ಲಾಕ್‌ಗೆ ತೊಂದರೆಯಿಲ್ಲ, ಲಾಕ್ ಇಲ್ಲದ ಪಟ್ಟಿಗಳಿಗೆ ಅಪಾಯ. ಕ್ಯೂಎಮುವೂ ಈ ಕೊರತೆ ಒಪ್ಪಿಕೊಂಡೇ 2017ರ 2.9ನೇ ಆವೃತ್ತಿಯಲ್ಲಿ ಬಹುಥ್ರೆಡ್ ಅನುವಾದ ತಂದಿತು.

ಪ್ರಶ್ನೆ: ಆರ್ಮ್ ಲ್ಯಾಪ್‌ಟಾಪಿನಲ್ಲಿ ಎಕ್ಸ್86 ಓಡಿಸಲೂ ಇಷ್ಟೇ ಸಾಕೇ?
– ಓದುಗರು, ವಾಸ್ಕೋ, ಗೋವಾ

ಉತ್ತರ: ಸಾಲದು. ಎಕ್ಸ್86ನಲ್ಲಿ ಒಂದು ಸಿಪಿಯು ಬರೆದದ್ದು ಉಳಿದವಕ್ಕೆ ಬರೆದ ಕ್ರಮದಲ್ಲೇ ಕಾಣುತ್ತದೆ. ಆರ್ಮ್ ಆ ಭರವಸೆ ಕೊಡುವುದಿಲ್ಲ. ಹಾಗಾಗಿ ಗೆಸ್ಟ್‌ನ ಲೋಡ್, ಸ್ಟೋರ್‌ಗಳಿಗೆಲ್ಲ ಬ್ಯಾರಿಯರ್ (ಕ್ರಮ ಕಾಯುವ ಸೂಚನೆ) ಸೇರಿಸಬೇಕು, ವೇಗ ಚೆನ್ನಾಗಿಯೇ ಇಳಿಯುತ್ತದೆ. ಆ್ಯಪಲ್ ಎಂ1 ಚಿಪ್ಪಿನಲ್ಲಿ ಎಕ್ಸ್86 ಕ್ರಮವನ್ನೇ ಪಾಲಿಸುವ ಮೋಡ್ ಇಟ್ಟಿರುವುದು ಈ ಖರ್ಚು ಉಳಿಸಲೆಂದೇ.