ಕೋಶ ವಿಭಜನೆಯಲ್ಲಿ ಕ್ರೋಮೋಸೋಮ್ ಎಣಿಕೆ ಪ್ರತಿ ಸಲ ತಪ್ಪುತ್ತೆ. ಬಿ.ಎಸ್ಸಿ. ಪರೀಕ್ಷೆಗೆ ಇದನ್ನು ಹೇಗೆ ಓದಲಿ?

ಹಂತಗಳ ಹೆಸರು ಉರು ಹೊಡೆಯೋದು ಸ್ವಲ್ಪ ಬದಿಗಿಡಿ. ಎಡವಟ್ಟಾಗೋದು ಹೆಸರಲ್ಲಲ್ಲ, ಯಾವುದನ್ನು ಎಣಿಸಬೇಕು ಅನ್ನೋದರಲ್ಲಿ. ಸೆಂಟ್ರೋಮಿಯರ್ ಎಣಿಸಿ, ಅಂದರೆ ಕ್ರೋಮೋಸೋಮಿನ ಎಳೆಗಳು ಅಂಟಿಕೊಂಡಿರೋ ಗಂಟು. ಅದು ಎಷ್ಟಿದೆಯೋ ಕ್ರೋಮೋಸೋಮ್ ಅಷ್ಟೇ.

ಲ್ಯಾಬಿನಲ್ಲಿ ಬೇರಿನ ತುದಿ ಜಜ್ಜಿ ನೋಡ್ತೀರಲ್ಲ, ಅದೇ ಈರುಳ್ಳಿ ತಗೊಳ್ಳಿ. ಅದಕ್ಕೆ 16 ಕ್ರೋಮೋಸೋಮ್. ವಿಭಜನೆಗೆ ಮುಂಚಿನ ಎಸ್ ಹಂತದಲ್ಲಿ ಡಿಎನ್ಎ ಇಮ್ಮಡಿಯಾದ ಮೇಲೂ 16 ಕ್ರೋಮೋಸೋಮೇ, ಆದರೆ ಕ್ರೊಮ್ಯಾಟಿಡ್ (ಒಂದೇ ಗಂಟಿಗೆ ಅಂಟಿರೋ ಎರಡು ಪ್ರತಿ ಎಳೆಗಳಲ್ಲಿ ಒಂದೊಂದು) 32. ಮೈಟಾಸಿಸ್ ಅಂದರೆ ಒಂದು ಕೋಶ ಅದರಂಥದೇ ಎರಡಾಗೋದು; ಅದರ ಅನಾಫೇಸ್‌ನಲ್ಲಿ, ಅಂದರೆ ಎಳೆಗಳು ಎರಡು ಕಡೆಗೆ ಸರಿಯೋ ಹಂತದಲ್ಲಿ, ಸೆಂಟ್ರೋಮಿಯರ್ ಸೀಳುತ್ತೆ, ಆ ಕ್ಷಣಕ್ಕೆ ಕೋಶದಲ್ಲಿ 32 ಕ್ರೋಮೋಸೋಮ್. ಆಮೇಲೆ ಎರಡು ಕೋಶಕ್ಕೂ 16, 16.

ಮಿಯೋಸಿಸ್‌ನಲ್ಲಿ, ಅಂದರೆ ಕ್ರೋಮೋಸೋಮ್ ಸಂಖ್ಯೆ ಅರ್ಧವಾಗೋ ಎರಡು ಸುತ್ತಿನ ವಿಭಜನೆಯಲ್ಲಿ, ಮೊದಲ ಅನಾಫೇಸ್ ಬಂದಾಗ ಸೆಂಟ್ರೋಮಿಯರ್ ಸೀಳೋದೇ ಇಲ್ಲ! ತಂದೆ-ತಾಯಿಯಿಂದ ಒಂದೊಂದು ಬಂದ ಕ್ರೋಮೋಸೋಮ್ ಜೋಡಿಗಳು ಬೇರೆಯಾಗಿ ಆ ಕಡೆ 8, ಈ ಕಡೆ 8 ಹೋಗುತ್ತವೆ. ಒಂದೊಂದರಲ್ಲೂ ಎರಡೆರಡು ಕ್ರೊಮ್ಯಾಟಿಡ್ ಇನ್ನೂ ಅಂಟಿಕೊಂಡೇ ಇರುತ್ತವೆ. ಸೀಳೋದು ಎರಡನೇ ಸುತ್ತಿನಲ್ಲಿ. ಕೊನೆಗೆ ನಾಲ್ಕು ಕೋಶ, ತಲಾ 8. ನನಗೆ ಇದು ಹೊಳೆದದ್ದು ಎರಡು ಬಣ್ಣದ ದಾರದ ತುಂಡುಗಳಿಗೆ ಅಂಗಿಯ ಗುಂಡಿ ಪೋಣಿಸಿ ಚಾಪೆ ಮೇಲೆ ಸರಿಸಿ ನೋಡಿದಾಗ. ಮನೆಯವರು ನಕ್ಕರು, ಇರಲಿ.

ತಳಿಶಾಸ್ತ್ರದ ಲೆಕ್ಕವೂ ಇಲ್ಲಿಂದಲೇ ಹುಟ್ಟೋದು. ಜೋಡಿ ಬೇರೆಯಾಗೋದರಿಂದಲೇ ತಳಿಶಾಸ್ತ್ರದ ಪಿತಾಮಹ ಮೆಂಡೆಲ್‌ಗೆ ಎರಡನೇ ಪೀಳಿಗೆಯಲ್ಲಿ ಎತ್ತರದ ಬಟಾಣಿ ಗಿಡ 787, ಗಿಡ್ಡದ್ದು 277 ಸಿಕ್ಕಿದ್ದು. ಹತ್ತಿರ ಹತ್ತಿರ 3:1 ಅಲ್ವಾ? ಮೂರು ಗುಣಗಳ ಲೆಕ್ಕ ಬಂದರೆ 64 ಚೌಕದ ಕೋಷ್ಟಕ ಬರೆಯುತ್ತಾ ಕೂರಬೇಡಿ. ಒಂದೊಂದು ಗುಣಕ್ಕೆ ಬೇರೆ ಬೇರೆ ಲೆಕ್ಕ ಹಾಕಿ ಗುಣಿಸಿ: ಎರಡೂ ಪೋಷಕ ಗಿಡ ಮೂರು ಗುಣಕ್ಕೂ ಮಿಶ್ರತಳಿಯಾದರೆ, ಮೂರೂ ಅಪ್ರಬಲ (ಪ್ರಬಲ ಗುಣದ ಎದುರು ಮರೆಯಾಗೋ ಗುಣ) ಆಗಿರೋ ಗಿಡ 1/4 × 1/4 × 1/4, ಅಂದರೆ 64ರಲ್ಲಿ ಒಂದು. ಜೀನ್‌ಗಳು ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇದ್ದರೆ ಮಾತ್ರ ಈ ಗುಣಾಕಾರ ನಡೆಯಲ್ಲ.